‘ದಿ ಪ್ರಿನ್ಸ್’ ಓದುವುದಾದರೆ 15ನೇ ಅಧ್ಯಾಯದಿಂದ ಶುರುಮಾಡಿ

ಕೋಲಾರ ಕಡೆಯ ಪದವಿ ಕಾಲೇಜುಗಳಲ್ಲಿ ರಾಜ್ಯಶಾಸ್ತ್ರ ಓದುವ ಅನೇಕರ ಪಾಲಿಗೆ ಇಟಲಿಯ ರಾಜಕೀಯ ಚಿಂತಕ ಮ್ಯಾಕಿಯಾವೆಲ್ಲಿ ಗೈಡಿನ ನಾಲ್ಕು ಪುಟಕ್ಕೇ ಮುಗಿದುಹೋಗುತ್ತಾನೆ. ಅವನ ಮೂಲ ಕೃತಿ ‘ದಿ ಪ್ರಿನ್ಸ್’ ಏನೂ ದಪ್ಪನೆಯದಲ್ಲ: 26 ಅಧ್ಯಾಯ, ಹೆಚ್ಚಿನವು ಚಿಕ್ಕವು. 1513ರಲ್ಲಿ ಬರೆದದ್ದು, ಅಚ್ಚಾದದ್ದು ಅವನು ಸತ್ತ ಮೇಲೆ, 1532ರಲ್ಲಿ. ನಾಲ್ಕೈದು ಜನ ವಾರಕ್ಕೊಮ್ಮೆ ಕೂತರೆ ತಿಂಗಳಲ್ಲಿ ಮುಗಿಯುತ್ತದೆ.

ಮೊದಲ 11 ಅಧ್ಯಾಯಗಳಲ್ಲಿ ಇರುವುದು ರಾಜ್ಯಗಳ ಬಗೆಗಳು. ಇಟಲಿಯ ಹೆಸರುಗಳ ರಾಶಿ ನೋಡಿ ಹೊಸಬರು ಅಲ್ಲೇ ಪುಸ್ತಕ ಮಡಚುತ್ತಾರೆ. ಅದಕ್ಕೇ ಮೊದಲು 15. ಯಾರೂ ಕಾಣದ ಆದರ್ಶ ರಾಜ್ಯಗಳ ಮಾತು ಬಿಟ್ಟು, ನಡೆಯುವುದು ಹೇಗೋ ಹಾಗೆ ಹೇಳುತ್ತೇನೆ ಎಂದು ಅವನು ಸಾರುವುದು ಅಲ್ಲಿ. ಆಮೇಲೆ 17, 18, 7, 6, ಕೊನೆಗೆ 25.

ಓದುವಾಗ ನೋಟ್‌ಬುಕ್ಕಿನ ಹಾಳೆಯನ್ನು ಎರಡು ಭಾಗ ಮಾಡಿ: ಎಡಕ್ಕೆ ಸಲಹೆ, ಬಲಕ್ಕೆ ಅದರ ಷರತ್ತು. ಎಡವುವುದು ಬಲಭಾಗ ಖಾಲಿ ಬಿಟ್ಟಾಗಲೇ. 17ರಲ್ಲಿ ‘ಪ್ರೀತಿಗಿಂತ ಭಯ ಲೇಸು’ ಎಂಬುದಷ್ಟೇ ಎಲ್ಲರಿಗೂ ನೆನಪು. ಅವನ ಪ್ರಕಾರ ಎರಡೂ ಇದ್ದರೆ ಒಳ್ಳೆಯದು, ಕೂಡಿಬರುವುದು ಕಷ್ಟ. ಭಯ ಹುಟ್ಟಿಸಿದರೂ ದ್ವೇಷ ಹುಟ್ಟಿಸಬಾರದು. ಅದಕ್ಕೆ ಪ್ರಜೆಗಳ ಆಸ್ತಿಗೂ ಹೆಂಗಸರಿಗೂ ಕೈ ಹಾಕಬಾರದು. ಅಪ್ಪ ಸತ್ತದ್ದನ್ನು ಮರೆತರೂ ಪಿತ್ರಾರ್ಜಿತ ಕಳೆದದ್ದನ್ನು ಜನ ಮರೆಯರು ಎನ್ನುತ್ತಾನೆ. ಜಮೀನು ಖಟ್ಲೆ ಕಂಡ ಊರಿನವರಿಗೆ ಇದಕ್ಕೆ ಟಿಪ್ಪಣಿ ಬೇಡ.

7ರಲ್ಲಿ ಪೋಪನ ಮಗ, ದಂಡನಾಯಕ ಸೆಸಾರೆ ಬೋರ್ಜಿಯಾ. ರೊಮಾನ್ಯಾ ಸೀಮೆಯನ್ನು ಹದ್ದುಬಸ್ತಿಗೆ ತರಲು ರೆಮಿರ್ರೊ ದೆ ಓರ್ಕೊ ಎಂಬ ಕ್ರೂರಿಯನ್ನು ನೇಮಿಸಿದ. ಕೆಲಸ ಮುಗಿದ ಮೇಲೆ ಅವನನ್ನೇ ಎರಡು ತುಂಡು ಮಾಡಿಸಿ ಚೆಸೇನಾದ ಚೌಕದಲ್ಲಿ ಇಡಿಸಿದ. ಲಾಭ ಯಾರಿಗಾಯಿತು, ಕೆಟ್ಟ ಹೆಸರು ಯಾರ ತಲೆಗೆ ಬಂತು ಎಂದು ಗುಂಪಿನಲ್ಲಿ ಕೇಳಿಕೊಳ್ಳಿ.

ಧರ್ಮದ ವಿಷಯದಲ್ಲಿ ಮ್ಯಾಕಿಯಾವೆಲ್ಲಿಯನ್ನು ‘ನಾಸ್ತಿಕ’ ಎಂದು ಬರೆದು ಕೈತೊಳೆದುಕೊಳ್ಳಬೇಡಿ. 6ರಲ್ಲಿ ಯೆಹೂದ್ಯರ ಪ್ರವಾದಿ ಮೋಶೆ ದೇವರ ಆಜ್ಞೆ ಪಾಲಿಸಿದವನಷ್ಟೇ ಎಂದು ಬದಿಗಿಟ್ಟಂತೆ ಮಾಡಿ, ಪರ್ಷಿಯಾದ ದೊರೆ ಸೈರಸ್, ರೋಮ್ ಕಟ್ಟಿದನೆನ್ನುವ ರೊಮುಲಸರ ರೀತಿಯೂ ಬೇರೆಯಲ್ಲ ಎನ್ನುತ್ತಾನೆ. ಸೆಕ್ಯುಲರ್ ನೋಟದ ಕುಶಲತೆ ಅಲ್ಲಿದೆ. ಅವನದೇ ಇನ್ನೊಂದು ಪುಸ್ತಕ ‘ಡಿಸ್ಕೋರ್ಸಸ್’ ಮೊದಲ ಭಾಗದ 11, 12ನೇ ಅಧ್ಯಾಯಗಳನ್ನೂ ಸೇರಿಸಿ: ರೋಮನ್ನರನ್ನು ಕಟ್ಟಿಹಿಡಿದ, ಅವರ ಹಳೆಯ ಅರಸ ನೂಮಾನ ಧರ್ಮಕ್ಕೆ ಹೊಗಳಿಕೆ, ಇಟಲಿಯನ್ನು ಒಡೆದಿಟ್ಟ ಚರ್ಚಿಗೆ ಬೈಗುಳ. ಎರಡಕ್ಕೂ ಅಳತೆಗೋಲು ಒಂದೇ, ರಾಜ್ಯಕ್ಕೆ ಏನಾಯಿತು ಎಂಬುದು.

25ರಲ್ಲಿ ಅದೃಷ್ಟವೆಂದರೆ ಉಕ್ಕುವ ನದಿ. ಶಾಂತವಾಗಿದ್ದಾಗಲೇ ಒಡ್ಡು ಕಟ್ಟಬೇಕು. ವರ್ಷವಿಡೀ ಹರಿಯುವ ನದಿಯಿಲ್ಲದ ನಮ್ಮಲ್ಲಿ ಕೆರೆ ಏರಿ, ಕೋಡಿ ಎಂದುಕೊಂಡರೆ ಸಾಕು. ಅದೇ ಅಧ್ಯಾಯದ ಕೊನೆಗೆ ಅದೃಷ್ಟ ಹೆಣ್ಣು, ಹೊಡೆದು ಬಗ್ಗಿಸಬೇಕು ಎಂಬ ಮಾತಿದೆ. ಅದನ್ನು ಹಾರಿಸದೆ ಗಟ್ಟಿಯಾಗಿ ಓದಿ, ಜಗಳವಾಡಿ.