ಪರಿಚಯದಿಂದ ಕೆಲಸ ಪಡೆಯಲು ಹೀಗೆ ಕೇಳಿ

ಚಿಕ್ಕಮಗಳೂರಿನಲ್ಲಿದ್ದುಕೊಂಡೇ ಛಾಯಾಗ್ರಹಣ, ವೆಬ್‌ಸೈಟ್ ವಿನ್ಯಾಸ, ಬರವಣಿಗೆ ಎಂದು ಸ್ವತಂತ್ರವಾಗಿ ದುಡಿಯಲು ಹೊರಟವರು ನೆಂಟರಿಷ್ಟರಿಗೆಲ್ಲ ‘ಏನಾದರೂ ಕೆಲಸ ಇದ್ದರೆ ಹೇಳಿ’ ಎನ್ನುತ್ತಾರೆ. ಕೇಳಿಸಿಕೊಂಡವರಿಗೆ ಪಾಪ, ಯಾರ ಹೆಸರೂ ಹೊಳೆಯುವುದಿಲ್ಲ.

ಮೊದಲು ಯಾರಿಗೆ, ಏನು ಮಾಡಿಕೊಡುತ್ತೀರಿ ಎಂಬುದನ್ನು ಒಂದೇ ವಾಕ್ಯಕ್ಕೆ ಇಳಿಸಿ. ‘ಹೋಮ್‌ಸ್ಟೇಗಳ ಕೊಠಡಿ, ಊಟ, ತೋಟದ ಫೋಟೊ ತೆಗೆದುಕೊಡುತ್ತೇನೆ’ ಎಂದರೆ ಮೂಡಿಗೆರೆಯ ಭಾವನೋ ಆಲ್ದೂರಿನ ಗೆಳೆಯನೋ ತಟ್ಟನೆ ನೆನಪಾಗುತ್ತಾರೆ.

ಬಳಿಕ ಪಟ್ಟಿ ಮಾಡಿ. ಸಹಪಾಠಿಗಳು, ಹಳೆಯ ಸಹೋದ್ಯೋಗಿಗಳು ಇರಲಿ. ಅವರಿಗಿಂತ ಮೇಲೆ ಹತ್ತಾರು ಜನರ ವ್ಯವಹಾರ ಬಲ್ಲ ಲೆಕ್ಕಪರಿಶೋಧಕರು, ಮುದ್ರಣಾಲಯದವರು, ಗೊಬ್ಬರದ ಅಂಗಡಿಯವರನ್ನು ಬರೆಯಿರಿ. ಕಾಲವನ್ನೂ ನೋಡಿ. ನವೆಂಬರ್‌ನಿಂದ ಜನವರಿವರೆಗೆ ಅರೇಬಿಕಾ ಕಾಫಿಯ ಕೊಯ್ಲು, ಅದರ ಬೆನ್ನಿಗೇ ರೊಬಸ್ಟಾ ಕಾಫಿಯದು. ಆಗ ಬೆಳೆಗಾರರಿಗೆ ಪುರುಸೊತ್ತಿರುವುದಿಲ್ಲ. ಹೋಮ್‌ಸ್ಟೇಯವರನ್ನು ದಸರಾ ರಜೆಗೆ ಮೊದಲೇ ಕಾಣುವುದು ಮೇಲು.

ಇನ್ನು ಕೇಳುವ ಬಗೆ. ನಿಮ್ಮನ್ನು ಶಿಫಾರಸು ಮಾಡುವವರು ತಮ್ಮ ಮರ್ಯಾದೆಯನ್ನೇ ಪಣಕ್ಕಿಡುತ್ತಾರೆ. ಹಾಗಾಗಿ ಅವರ ಹೊರೆ ಇಳಿಸಿ. ಅವರು ಹಾಗೆಯೇ ವಾಟ್ಸ್‌ಆ್ಯಪ್‌ನಲ್ಲಿ ಕಳುಹಿಸಬಹುದಾದ ನಾಲ್ಕು ಸಾಲು, ಮಾಡಿದ ಕೆಲಸದ ಎರಡು ಮಾದರಿಗಳನ್ನು ನೀವೇ ಸಿದ್ಧಪಡಿಸಿ ಕೊಡಿ. ‘ಅಣ್ಣಾ, ನಿಮಗೆ ಸರಿ ಅನ್ನಿಸಿದರೆ ಮಾತ್ರ ಹೇಳಿ’ ಎಂದು ಸೇರಿಸಿ. ಪರಿಚಯವಾದ ದಿನವೇ ಆ ಗ್ರಾಹಕರಿಗೆ ಕರೆ ಮಾಡಿ. ಕೆಲಸ ಕುದುರಲಿ ಬಿಡಲಿ, ಏನಾಯಿತೆಂದು ಪರಿಚಯಿಸಿದವರಿಗೆ ತಿಳಿಸಿ. ಇದನ್ನು ಬಹಳಷ್ಟು ಜನ ಮರೆಯುತ್ತಾರೆ. ಹಾಗೆ ಮರೆತವರ ಹೆಸರು ಎರಡನೆಯ ಬಾರಿ ಯಾರ ಬಾಯಲ್ಲೂ ಬರುವುದಿಲ್ಲ.

ನೆಂಟರ ಕಡೆಯವರೆಂದು ದರವನ್ನು ಬಾಯಿಮಾತಿನಲ್ಲಿ ಬಿಡಬೇಡಿ. ಕೆಲಸದ ವ್ಯಾಪ್ತಿ, ಮೊತ್ತ, ಮುಂಗಡ, ಮುಗಿಸುವ ದಿನ ಎಲ್ಲವನ್ನೂ ಬರೆದುಕೊಡಿ. ಸಂಬಂಧ ಉಳಿಯುವುದು ಇದರಿಂದಲೇ ಎಂದು ನನ್ನ ದೃಢ ನಂಬಿಕೆ. ಪರಿಚಯಿಸಿದವರಿಗೆ ಕಮಿಷನ್ ಕೊಡುವುದಿದ್ದರೆ ಮೊದಲೇ, ಗ್ರಾಹಕರಿಗೂ ತಿಳಿಯುವಂತೆ ಮಾತಾಡಿಕೊಳ್ಳಿ. ಸೇವೆ ಒದಗಿಸುವವರಿಗೆ ವರ್ಷದ ವಹಿವಾಟು 20 ಲಕ್ಷ ರೂಪಾಯಿ ದಾಟುವವರೆಗೆ ಸಾಮಾನ್ಯವಾಗಿ ಜಿಎಸ್‌ಟಿ ನೋಂದಣಿ ಬೇಕಿಲ್ಲ. ಬಿಲ್ ಮಾತ್ರ ತಪ್ಪದೆ ಕೊಡಿ.

ಕೆಲಸ ಒಪ್ಪಿಸಿ, ಹಣ ಕೈಸೇರಿ, ಗ್ರಾಹಕರು ‘ಚೆನ್ನಾಗಿದೆ’ ಎಂದ ಕೂಡಲೇ ಮುಂದಿನ ಪರಿಚಯ ಕೇಳಿ. ‘ನಿಮ್ಮ ಪಕ್ಕದ ತೋಟದವರೂ ಹೋಮ್‌ಸ್ಟೇ ಶುರು ಮಾಡಿದ್ದಾರಂತೆ, ಒಂದು ಮಾತು ಹೇಳುತ್ತೀರಾ?’ ಎಂದು ನಿರ್ದಿಷ್ಟವಾಗಿ ಕೇಳಿದರೆ ಅವರು ನಿಮ್ಮೆದುರೇ ಫೋನ್ ಮಾಡುವುದೂ ಉಂಟು.