ಕಿವಿ ನೋವಿನ ಜಾಡು ಹಿಡಿದು ಹಲ್ಲಿಗೆ

ಕಿವಿ ನೋವು ಅಂತ ದಂತವೈದ್ಯರ ಹತ್ತಿರ ಯಾರೂ ನೇರವಾಗಿ ಬರೋದಿಲ್ಲ. ಡ್ರಾಪ್ಸ್ ಹಾಕಿಕೊಂಡು, ಕಿವಿ ಸ್ವಚ್ಛ ಇದೆ ಅಂತ ಇಎನ್‌ಟಿ ಡಾಕ್ಟರು ಹೇಳಿದ ಮೇಲೇನೇ ಕಲಬುರಗಿಯ ನನ್ನ ಕ್ಲಿನಿಕ್ಕಿಗೆ ಬರುತ್ತಾರೆ.

ಚಿತ್ತಾಪುರ ಕಡೆಯ ಒಬ್ಬರು ಹಾಗೇ ಬಂದರು. "ಕಿವ್ಯಾಗ ಕುಟ್ಟಿದಂಗ ಆಗ್ಲಕತ್ತದ, ರಾತ್ರಿ ಮಕ್ಕೊಂಡ್ರ ಜಾಸ್ತಿ" ಅಂದರು. ಬೆರಳು ತೋರಿಸಿದ್ದು ಬಲಗಡೆಯ ಮೇಲಿನ ದವಡೆ ಹಲ್ಲಿಗೆ, ಅದನ್ನು ಕಿತ್ತುಬಿಡಿ ಅಂತ ಹಟ. ಮೇ ತಿಂಗಳು, ನಮ್ಮೂರಲ್ಲಿ ಎಲ್ಲರ ಕೈಯಲ್ಲೂ ನೀರಿನ ಬಾಟಲಿ ಇರುತ್ತದೆ. ಆದರೆ ಇವರು ತಣ್ಣೀರನ್ನು ನುಂಗದೆ ಬಾಯಲ್ಲೇ ಹಿಡಿದು ಕೂತಿದ್ದರು. ಚಹಾ ಕುಡಿದರೆ ಏನಾಗುತ್ತೆ ಅಂತ ಕೇಳಿದೆ. ಕುಡಿಯೋದೇ ಬಿಟ್ಟಿದ್ದೀನಿ ಅಂದರು. ಬಿಸಿಗೆ ಏಳುವ, ತಣ್ಣೀರಿಗೆ ಇಳಿಯುವ ನೋವು ಅಂದರೆ ಹಲ್ಲಿನ ಒಳಗಿನ ನರ ಕೆಟ್ಟಿದೆ ಅನ್ನೋ ಅನುಮಾನ ಬರಲೇಬೇಕು.

ಆ ನರಕ್ಕೆ ನೋವು ಗೊತ್ತು, ಜಾಗ ಗೊತ್ತಿಲ್ಲ. ಮೇಲಿನ ಹಲ್ಲು, ಕೆಳಗಿನ ಹಲ್ಲು, ಕಿವಿಯ ಮುಂಭಾಗ, ಕೆನ್ನೆ ಎಲ್ಲದರ ಸುದ್ದಿ ಮಿದುಳಿಗೆ ಹೋಗೋದು ಟ್ರೈಜೆಮಿನಲ್ ಅನ್ನೋ ಒಂದೇ ನರದಲ್ಲಿ, ಹಾಗಾಗಿ ಮಿದುಳು ವಿಳಾಸ ತಪ್ಪಿ ಓದುತ್ತದೆ. ಸೋಂಕು ಬೇರಿನ ತುದಿ ದಾಟಿ ಸುತ್ತಲಿನ ಪೊರೆಗೆ ಮುಟ್ಟಿದ ಮೇಲಷ್ಟೇ ರೋಗಿ ಸರಿಯಾದ ಹಲ್ಲು ತೋರಿಸಬಲ್ಲ. ಇವರಿಗೆ ಅಲ್ಲಿಯವರೆಗೆ ಹೋಗಿರಲಿಲ್ಲ. ತಟ್ಟಿ ನೋಡಿದರೆ ಯಾವ ಹಲ್ಲೂ ನೋಯಲಿಲ್ಲ, ಎಕ್ಸ್‌ರೇಯಲ್ಲಿ ಬೇರಿನ ತುದಿ ಚೆನ್ನಾಗೇ ಇತ್ತು.

ನೋವು ನಡುಗೆರೆ ದಾಟಿ ಆಚೆ ಬದಿಗೆ ಹೋಗೋದು ತೀರ ಅಪರೂಪ, ಅದಕ್ಕೆ ಬಲಗಡೆ ಮಾತ್ರ ಹುಡುಕಿದೆ. ಒಂದೊಂದೇ ಹಲ್ಲಿಗೆ ರಬ್ಬರ್ ಡ್ಯಾಮ್ (ಒಂದು ಹಲ್ಲನ್ನಷ್ಟೇ ಹೊರಗೆ ಬಿಟ್ಟು ಉಳಿದದ್ದನ್ನು ಮುಚ್ಚುವ ರಬ್ಬರ್ ಹಾಳೆ) ಹಾಕಿ ಸಿರಿಂಜಿನಿಂದ ಬಿಸಿನೀರು ಬಿಟ್ಟೆ. ಇದರಲ್ಲಿ ಅವಸರ ಬೇಡ. ಬಿಸಿಯ ನೋವು ತಡವಾಗಿ ಬರುತ್ತೆ, ಸುಮ್ನೆ ಮುಂದಿನ ಹಲ್ಲಿಗೆ ಹೋದರೆ ಅಮಾಯಕ ಹಲ್ಲಿನ ಮೇಲೆ ಆರೋಪ ಬೀಳುತ್ತೆ. ಕೆಳಗಿನ ಎರಡನೇ ದವಡೆ ಹಲ್ಲಿಗೆ ಹಳೇ ಕ್ಯಾಪ್ ಇತ್ತು. ಅಲ್ಲಿ ನೀರು ಬಿಟ್ಟು ಕಾದಾಗ ಅವರ ಕೈ ತಾನಾಗೇ ಕಿವಿಗೆ ಹೋಯಿತು. ಅದೇ ನೋವು!

ಆದರೂ ಅವರಿಗೆ ನಂಬಿಕೆ ಇಲ್ಲ. ಸರಿ ಅಂತ ಮೊದಲು ಮೇಲಿನ ಹಲ್ಲಿಗೇ ಮರಗಟ್ಟಿಸುವ ಇಂಜೆಕ್ಷನ್ ಕೊಟ್ಟೆ. ಕಿವಿ ನೋವು ಇಳಿಯಲಿಲ್ಲ. ಕೆಳದವಡೆಗೆ ಕೊಟ್ಟ ಮೇಲೆ ಪೂರ್ತಿ ಹೋಯಿತು. ಕ್ಯಾಪ್ ತೆಗೆದರೆ ಕೆಳಗೆ ಹುಳುಕು. ರೂಟ್ ಕೆನಾಲ್ ಶುರು ಮಾಡಿದೆ.

ಎಲ್ಲ ಮುಖದ ನೋವೂ ಹಲ್ಲಿನದ್ದಲ್ಲ. ಮುಖ ತೊಳೆಯುವಾಗ ಕರೆಂಟ್ ಹೊಡೆದಂತೆ ಕೆಲವೇ ಸೆಕೆಂಡು ಬಂದು ಹೋಗುವ ನೋವಾದರೆ ನ್ಯೂರಾಲಜಿಸ್ಟ್ ಹತ್ತಿರ ಕಳಿಸುತ್ತೇನೆ. ಮೆಟ್ಟಿಲು ಹತ್ತಿದಾಗ ದವಡೆ ನೋವು ಬಂದು, ಕೂತರೆ ಇಳಿಯುತ್ತೆ ಅಂದರೆ ಅದು ಹೃದಯದ್ದಿರಬಹುದು. ಹಲ್ಲು ಮುಟ್ಟೋದೇ ಇಲ್ಲ, ಮೊದಲು ಇಸಿಜಿ.