ನೀರು ಕಾಯಲು ಎಷ್ಟು ಹೊತ್ತು? ಗೀಸರ್ ಲೆಕ್ಕ, ಕೋಣೆ ಲೆಕ್ಕ

ಮೈಸೂರಿನ ಅಗ್ರಹಾರದ ಹಳೇ ಮನೆಯಲ್ಲಿ ನಮ್ಮಜ್ಜಿ ಬಚ್ಚಲ ಹಂಡೆಗೆ ನೀರು ತುಂಬಿ, ಒಲೆಗೆ ನಾಲ್ಕು ಸೌದೆ ತಳ್ಳಿ ಅಡುಗೆಮನೆಗೆ ಬಂದರೆ ಮತ್ತೆ ಎದ್ದು ಹೋಗಿ ನೋಡುತ್ತಿರಲಿಲ್ಲ. ‘ಇನ್ನೂ ಅರ್ಧ ಗಂಟೆ ಬೇಕು, ಸೌದೆ ಹಸಿ’ ಅನ್ನುತ್ತಿದ್ದರು. ಇಲ್ಲವೇ ‘ಇವತ್ತು ತೆಂಗಿನಮಟ್ಟೆ ಹಾಕಿದೀನಿ, ಟವೆಲ್ ತಗೊಂಡು ಈಗಲೇ ಹೊರಡು’. ಹತ್ತರಲ್ಲಿ ಒಂಬತ್ತು ಸಲ ಅವರು ಹೇಳಿದ ಹೊತ್ತಿಗೆ ನೀರು ಹದವಾಗಿ ಕಾದಿರುತ್ತಿತ್ತು. ನೀರು ಎಷ್ಟು, ಬೆಂಕಿ ಎಂಥದ್ದು, ಚಳಿ ಎಷ್ಟು ಎಂಬ ಮೂರು ಸಂಗತಿಗಳ ಜೊತೆಗೆ ನೆನ್ನೆ ಎಷ್ಟು ಹೊತ್ತು ಹಿಡಿಯಿತು ಎಂಬ ನೆನಪೂ ಅವರ ಬಳಿ ಇತ್ತು.

ಥರ್ಮೋಸ್ಟಾಟ್ ಎಂದರೆ ಬೇಕಾದ ಉಷ್ಣತೆ ಮುಟ್ಟಿದೊಡನೆ ಯಂತ್ರವನ್ನು ನಿಲ್ಲಿಸುವ ಸಾಧನ. ಅಮೆರಿಕದ ಮನೆಗಳ ಗೋಡೆಯ ಮೇಲೆ ಕೂತಿರುವ ಸ್ಮಾರ್ಟ್ ಥರ್ಮೋಸ್ಟಾಟ್ ಮಾಡುವುದೂ ಅಜ್ಜಿಯ ಲೆಕ್ಕವನ್ನೇ. 2011ರಲ್ಲಿ ನೆಸ್ಟ್ ಎಂಬ ದುಂಡನೆಯ ಥರ್ಮೋಸ್ಟಾಟ್ ಬಂದಾಗ ಜನರಿಗೆ ಹಿಡಿಸಿದ ಸಂಗತಿಗಳಲ್ಲಿ ಒಂದು, ಅದರ ಮುಖದ ಮೇಲೆ ಮೂಡುತ್ತಿದ್ದ ‘ಇನ್ನು 20 ನಿಮಿಷ’ ಎಂಬಂಥ ಸಾಲು. ಬೆಳಿಗ್ಗೆ 6ಕ್ಕೆ ಮನೆ ಬೆಚ್ಚಗಿರಬೇಕು ಎಂದರೆ 6ಕ್ಕೆ ಹೀಟರ್ ಹಚ್ಚುವುದಲ್ಲ, ಎಷ್ಟು ಮುಂಚೆ ಹಚ್ಚಬೇಕೆಂದು ತಾನೇ ಲೆಕ್ಕ ಹಾಕಿ ಶುರು ಮಾಡುತ್ತದೆ. ನಮ್ಮ ಮೈಸೂರಿಗೆ ಮನೆ ಕಾಯಿಸುವ ಹೀಟರ್ ಬೇಡ ಬಿಡಿ. ಆದರೆ ಥರ್ಮೋಸ್ಟಾಟ್ ನಮ್ಮ ಮನೆಗಳಲ್ಲೂ ಇದೆ: ಗೀಸರ್ ಒಳಗೊಂದು, ಎಸಿ ಒಳಗೊಂದು. ಅವಕ್ಕೆ ಗೊತ್ತಿರುವುದು ‘ಸಾಕು’ ಎನ್ನುವುದಷ್ಟೇ. ‘ಇನ್ನೆಷ್ಟು ಹೊತ್ತು’ ಎನ್ನುವುದನ್ನು ನಾವೇ ಕಲಿಯಬೇಕು. ಒಂದು ನೋಟ್‌ಬುಕ್, ಒಂದು ವಾರ ಇದ್ದರೆ ಆಗುವ ಕೆಲಸ.

ಇನ್ನೊಂದು ಸಾಮಾನು ಥರ್ಮಾಮೀಟರ್. ಜ್ವರ ನೋಡುವುದು ಬೇಡ, ಅದು ಮೈಬಿಸಿಯ ಆಸುಪಾಸು ಬಿಟ್ಟು ಬೇರೇನೂ ಓದುವುದಿಲ್ಲ. ಅಡುಗೆಗೆಂದು ಮಾರುವ ಉದ್ದ ಕಡ್ಡಿಯ ಡಿಜಿಟಲ್ ಥರ್ಮಾಮೀಟರ್ ನೀರಿಗೂ ಆಗುತ್ತದೆ, ಕೋಣೆಗೂ ಆಗುತ್ತದೆ.

ಮೊದಲು ಗೀಸರ್

ಗೀಸರ್ ಸುಲಭ, ಅದರಿಂದಲೇ ಶುರು ಮಾಡಿ. ಅದರ ಮೈಮೇಲೆ ಅಂಟಿಸಿರುವ ಚೀಟಿಯಲ್ಲಿ ಎಷ್ಟು ಲೀಟರ್, ಎಷ್ಟು ವಾಟ್ ಎಂದು ಬರೆದಿರುತ್ತದೆ. ಬಹಳ ಮನೆಗಳಲ್ಲಿ 15 ಲೀಟರ್, 2000 ವಾಟ್, ಅಂದರೆ 2 ಕಿಲೊವಾಟ್. ಬೆಳಿಗ್ಗೆ ನಲ್ಲಿ ಬಿಟ್ಟು, ಬರುವ ತಣ್ಣೀರಿನ ಉಷ್ಣತೆ ನೋಡಿ. ನಮ್ಮ ಕುವೆಂಪುನಗರದ ಮನೆಯ ತಾರಸಿ ಟ್ಯಾಂಕಿನ ನೀರು ಡಿಸೆಂಬರ್ ಬೆಳಿಗ್ಗೆ 20 ಡಿಗ್ರಿ ಇರುತ್ತದೆ.

ಈಗ ಲೆಕ್ಕ. ಲೀಟರನ್ನು ಏರಬೇಕಾದ ಡಿಗ್ರಿಯಿಂದ ಗುಣಿಸಿ, ಕಿಲೊವಾಟ್‌ನಿಂದ ಭಾಗಿಸಿ, ಬಂದದ್ದನ್ನು 14ರಿಂದ ಭಾಗಿಸಿದರೆ ನಿಮಿಷ ಸಿಗುತ್ತದೆ. ಗೀಸರ್ 60 ಡಿಗ್ರಿಗೆ ನಿಲ್ಲುವಂತಿದ್ದರೆ 20ರಿಂದ 60ಕ್ಕೆ 40 ಡಿಗ್ರಿ ಏರಬೇಕು. 15ನ್ನು 40ರಿಂದ ಗುಣಿಸಿದರೆ 600, ಎರಡರಿಂದ ಭಾಗಿಸಿದರೆ 300, 14ರಿಂದ ಭಾಗಿಸಿದರೆ 21 ನಿಮಿಷ ಚಿಲ್ಲರೆ. ಈ 14 ಎಲ್ಲಿಂದ ಬಂತು ಎನ್ನುವವರಿಗೆ: ಒಂದು ಲೀಟರ್ ನೀರನ್ನು ಒಂದು ಡಿಗ್ರಿ ಏರಿಸಲು ಸುಮಾರು 4.2 ಕಿಲೊಜೂಲ್ ಬೇಕು, ಒಂದು ಕಿಲೊವಾಟ್ ಕಾಯಿಲು (ಗೀಸರ್ ಒಳಗೆ ನೀರು ಕಾಯಿಸುವ ಸುರುಳಿ) ನಿಮಿಷಕ್ಕೆ 60 ಕಿಲೊಜೂಲ್ ಕೊಡುತ್ತದೆ. 60ನ್ನು 4.2ರಿಂದ ಭಾಗಿಸಿ ನೋಡಿ.

ಮಾರನೆಯ ಬೆಳಿಗ್ಗೆ ಲೆಕ್ಕವನ್ನು ಒರೆಗೆ ಹಚ್ಚಿ. ಸ್ವಿಚ್ ಹಾಕಿದ ಹೊತ್ತು ಬರೆದುಕೊಳ್ಳಿ, ಕಾಯುತ್ತಿರುವಾಗ ಉರಿಯುವ ಸಣ್ಣ ದೀಪ ಆರಿದ ಹೊತ್ತನ್ನೂ ಬರೆಯಿರಿ. ನಡುವೆ ಯಾರೂ ಬಿಸಿನೀರು ತಿರುಗಿಸಬಾರದು, ಮಕ್ಕಳಿಗೆ ಮೊದಲೇ ಹೇಳಿಡಿ. ಲೆಕ್ಕದಲ್ಲಿ 21 ಬಂದದ್ದು ನಮ್ಮ ಮನೆಯಲ್ಲಿ 25 ನಿಮಿಷ ಹಿಡಿಯಿತು. ನಾನು ಮೊದಲು ಬೈದದ್ದು ಬೋರ್‌ವೆಲ್ ನೀರಿನ ಸುಣ್ಣವನ್ನು. ಅದು ತಪ್ಪು. ಕಾಯಿಲಿನ ಮೇಲೆ ಸುಣ್ಣದ ಪೊರೆ ಕಟ್ಟಿದರೆ ಕಾಯಿಲು ಒಳಗೇ ಬೆಂದು ಬೇಗ ಕೆಡುತ್ತದೆ ನಿಜ, ಆದರೆ ಅದು ನೀರೊಳಗೇ ಮುಳುಗಿರುವುದರಿಂದ ಅದರ ಬಿಸಿ ನೀರಿಗಲ್ಲದೆ ಇನ್ನೆಲ್ಲಿಗೂ ಹೋಗುವ ಹಾಗಿಲ್ಲ. ನಿಜವಾದ ಕಳ್ಳ ವೋಲ್ಟೇಜ್. ಕಾಯಿಲಿನ ಶಕ್ತಿ ವೋಲ್ಟೇಜಿನ ವರ್ಗಕ್ಕೆ ತಕ್ಕಂತೆ ಇಳಿಯುತ್ತದೆ. 230 ವೋಲ್ಟ್‌ಗೆ 2000 ವಾಟ್ ಕೊಡುವ ಗೀಸರ್ 200 ವೋಲ್ಟ್ ಬಂದರೆ ಹೆಚ್ಚುಕಡಿಮೆ 1500 ವಾಟ್ ಮಾತ್ರ ಕೊಡುತ್ತದೆ. 21 ನಿಮಿಷದ ಕೆಲಸಕ್ಕೆ 28 ನಿಮಿಷ ಬೇಕಾಗುತ್ತದೆ. ಬೆಳಗಿನ ಹೊತ್ತು ಬೀದಿಯ ಎಲ್ಲ ಮನೆಗಳ ಗೀಸರ್ ಒಟ್ಟಿಗೆ ಹತ್ತಿದಾಗ ಟ್ಯೂಬ್‌ಲೈಟ್ ಕಣ್ಣು ಮಿಟುಕಿಸುವ ಮಂಡ್ಯದ ಹಳ್ಳಿಗಳವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಯಂತ್ರದ ಜಾಣತನ ಇರುವುದು ಇಲ್ಲೇ. ಸ್ಮಾರ್ಟ್ ಥರ್ಮೋಸ್ಟಾಟ್‌ಗೆ ನಿಮ್ಮ ಬೀದಿಯ ವೋಲ್ಟೇಜ್ ಗೊತ್ತಿರಬೇಕಿಲ್ಲ. ‘ನಾನು 21 ಅಂದೆ, 25 ಆಯಿತು, ಹಾಗಾದರೆ ಈ ಮನೆಯಲ್ಲಿ ನನ್ನ ಲೆಕ್ಕವನ್ನು 1.2ರಿಂದ ಗುಣಿಸಬೇಕು’ ಎಂದು ಗುರುತಿಟ್ಟುಕೊಳ್ಳುತ್ತದೆ, ಮುಗಿಯಿತು. ನೀವೂ ಹಾಗೇ ಮಾಡಿ. ದಿನಾ ನಿಜವಾದ ನಿಮಿಷವನ್ನು ಲೆಕ್ಕದ ನಿಮಿಷದಿಂದ ಭಾಗಿಸಿ ಆ ಗುಣಕವನ್ನು ನೋಟ್‌ಬುಕ್ಕಿನ ಅಂಚಿಗೆ ಬರೆಯಿರಿ. ಆದರೆ ಒಂದು ದಿನದ ಮಾತು ಕೇಳಿ ಕುಣಿಯಬೇಡಿ. ಹಳೆಯ ಗುಣಕಕ್ಕೆ ಮೂರು ಪಾಲು, ಇವತ್ತಿನದಕ್ಕೆ ಒಂದು ಪಾಲು ಬೆಲೆ ಕೊಡಿ. ಹಳೆಯದು 1.2 ಇದ್ದು, ಇವತ್ತು ಯಾರೋ ನಡುವೆ ಪಾತ್ರೆ ತೊಳೆಯಲು ಬಿಸಿನೀರು ಬಿಟ್ಟದ್ದರಿಂದ 1.6 ಬಂದರೂ ಹೊಸ ಗುಣಕ 1.3 ಅಷ್ಟೇ ಆಗುತ್ತದೆ. ಐದಾರು ದಿನದಲ್ಲಿ ಮತ್ತೆ ಸರಿದಾರಿಗೆ ಬರುತ್ತದೆ. ಕಾಲ ಬದಲಾದಾಗ ಮಾತ್ರ ಮೆಲ್ಲಗೆ ಜಾರುತ್ತಾ ಹೋಗುತ್ತದೆ, ಅದೇ ಬೇಕಾದ್ದು.

ಸೋಲಾರ್ ಇರುವ ಮನೆಯವರು ನಲ್ಲಿಯ ನೀರಿನ ಬದಲು ಸೋಲಾರ್‌ನಿಂದ ಬರುವ ನೀರಿನ ಉಷ್ಣತೆ ನೋಡಬೇಕು. ಆಷಾಢದ ಮೋಡದಲ್ಲಿ 34 ಡಿಗ್ರಿಗೆ ಬರುವ ನೀರನ್ನು ಅದೇ ಗೀಸರ್‌ಗೆ ಹಾಯಿಸಿ 42ಕ್ಕೆ ಮುಟ್ಟಿಸಲು ನಾಲ್ಕೈದು ನಿಮಿಷ ಸಾಕು. ಇದು ಗೊತ್ತಿಲ್ಲದೆ ಅರ್ಧ ಗಂಟೆ ಹಾಕಿಡುವವರೇ ಹೆಚ್ಚು. ದಿನವಿಡೀ ಆನ್ ಇಟ್ಟರೆ ಏನು ಎಂದು ಕೇಳುವವರೂ ಇದ್ದಾರೆ. ಟ್ಯಾಂಕು ಮೈಯಿಂದ ಬಿಸಿ ಸೋರಿಸುತ್ತಲೇ ಇರುತ್ತದೆ, ಕಾಯಿಲು ಮತ್ತೆ ಮತ್ತೆ ಹತ್ತಿಕೊಳ್ಳುತ್ತದೆ. ಗೀಸರ್ ಮೇಲಿನ ನಕ್ಷತ್ರಗಳು ಹೇಳುವುದು ಈ ಸೋರಿಕೆ ಎಷ್ಟು ಕಡಿಮೆ ಎಂಬುದನ್ನೇ ಹೊರತು ನೀರು ಎಷ್ಟು ಬೇಗ ಕಾಯುತ್ತದೆ ಎಂಬುದನ್ನಲ್ಲ.

ಆಮೇಲೆ ಕೋಣೆ

ಫ್ಯಾನೇ ಬೇಡದ ಊರು ಎಂದು ಹಿರಿಯರು ಹೇಳುತ್ತಿದ್ದ ಮೈಸೂರಿನಲ್ಲಿ ಈಗ ಏಪ್ರಿಲ್ ಬಂತೆಂದರೆ ಎಸಿ ಗುಂಯ್‌ಗುಡುತ್ತದೆ. ಕೋಣೆಯ ಲೆಕ್ಕ ಗೀಸರ್‌ನಷ್ಟು ಸರಳವಲ್ಲ, ಯಾಕೆಂದರೆ ಇಲ್ಲಿ ತಣ್ಣಗಾಗಬೇಕಾದ್ದು ಗಾಳಿಯಲ್ಲ.

ಹತ್ತು ಅಡಿ ಅಗಲ, ಹನ್ನೆರಡು ಅಡಿ ಉದ್ದ, ಹತ್ತು ಅಡಿ ಎತ್ತರದ ಕೋಣೆಯಲ್ಲಿರುವ ಗಾಳಿಯ ತೂಕ ಸುಮಾರು 36 ಕಿಲೊ. ಅದನ್ನು ಒಂದು ಡಿಗ್ರಿ ಇಳಿಸಲು 36 ಕಿಲೊಜೂಲ್ ತೆಗೆದರಾಯಿತು. ಒಂದು ಟನ್ ಎಸಿ ಸೆಕೆಂಡಿಗೆ ಮೂರೂವರೆ ಕಿಲೊಜೂಲ್ ಹೊರಹಾಕುತ್ತದೆ. ಹೀಗೆ ನೋಡಿದರೆ 33 ಡಿಗ್ರಿಯ ಗಾಳಿ ಒಂದೇ ನಿಮಿಷ ಚಿಲ್ಲರೆಯಲ್ಲಿ 26ಕ್ಕೆ ಬರಬೇಕು. ಯಾರ ಮನೆಯಲ್ಲಿ ಬಂದಿದೆ? ತಲೆಯ ಮೇಲೆ ನಾಲ್ಕೂವರೆ ಅಂಗುಲ ದಪ್ಪದ ಆರ್‌ಸಿಸಿ ಸೂರು ಇದೆ. ಅದರ ತೂಕ ಮೂರು ಟನ್ ಹತ್ತಿರ, ಅದನ್ನು ಒಂದು ಡಿಗ್ರಿ ಇಳಿಸಲು 2600 ಕಿಲೊಜೂಲ್ ಬೇಕು. ಗಾಳಿಯ ಎಪ್ಪತ್ತು ಪಟ್ಟು. ಗೋಡೆ, ನೆಲ, ಗಾಡ್ರೇಜ್ ಬೀರು, ಹಾಸಿಗೆಗಳನ್ನು ಇನ್ನೂ ಎಣಿಸಿಲ್ಲ. ಮಧ್ಯಾಹ್ನದ ಬಿಸಿಲು ಆ ಕಾಂಕ್ರೀಟನ್ನು ದಾಟಿ ಒಳಮೈಗೆ ಬರಲು ಸುಮಾರು ಮೂರು ಗಂಟೆ ಹಿಡಿಯುವುದರಿಂದ ಸಂಜೆ ಹೊರಗೆ ಗಾಳಿ ತಂಪಾದ ಮೇಲೂ ಮೇಲಿನ ಮಹಡಿಯ ಕೋಣೆಗಳು ಕಾದ ಕಾವಲಿಯಂತೆ ಇರುತ್ತವೆ.

ಹಾಗಾಗಿ ಇಲ್ಲಿ ಸೂತ್ರ ಬೇಡ, ಅಳತೆಯೇ ದಾರಿ. ರಾತ್ರಿ ಎಸಿ ಹಾಕುವ ಮೊದಲು ಥರ್ಮಾಮೀಟರನ್ನು ಮಂಚದ ಎತ್ತರದಲ್ಲಿ, ತಣ್ಣನೆ ಗಾಳಿ ನೇರ ಬಡಿಯದ ಕಡೆ ಇಡಿ. ಹತ್ತು ನಿಮಿಷಕ್ಕೊಮ್ಮೆ ಬರೆಯಿರಿ. ನಮ್ಮ ಮೇಲಿನ ಕೋಣೆಯಲ್ಲಿ ಒಂದು ದಿನ ಹೀಗೆ ಬಂತು: ಮೊದಲಿಗೆ 33, ಹತ್ತು ನಿಮಿಷಕ್ಕೆ 30, ಇಪ್ಪತ್ತಕ್ಕೆ 28.5, ಮೂವತ್ತಕ್ಕೆ 27.8. ಇಳಿತ ನೋಡಿ: ಮೂರು, ಒಂದೂವರೆ, ಮುಕ್ಕಾಲು. ಪ್ರತಿ ಸಲ ಅರ್ಧಕ್ಕರ್ಧ. ಬಿಸಿ ವಸ್ತು ತಣ್ಣಗಾಗುವ ವೇಗ ಅದಕ್ಕೂ ಸುತ್ತಲಿಗೂ ಇರುವ ಅಂತರದ ಪ್ರಕಾರ ಎಂದು ನ್ಯೂಟನ್ 1701ರಲ್ಲೇ ಹೇಳಿದ್ದು ಇದೇ ಜಾತಿಯ ಇಳಿತ.

ಅರ್ಧರ್ಧ ಆಗುತ್ತಿದ್ದರೆ ಗುಟ್ಟು ಇಲ್ಲಿದೆ: ಮೊದಲ ಹತ್ತು ನಿಮಿಷದ ಇಳಿತದ ಎರಡರಷ್ಟು ಮಾತ್ರ ಒಟ್ಟು ಇಳಿತ. 33ರಿಂದ 6 ಕಳೆದರೆ 27. ಆ ಕೋಣೆಯಲ್ಲಿ ಆ ರಾತ್ರಿ 24 ಇಟ್ಟರೂ, 18 ಇಟ್ಟರೂ ಎಸಿ 27ರ ಹೊಸಿಲು ದಾಟುವುದಿಲ್ಲ, ಕಂಪ್ರೆಸರ್ ನಿಲ್ಲುವುದೂ ಇಲ್ಲ. ಸೂರು ತಾನಾಗಿ ತಣಿಯುವ ನಡುರಾತ್ರಿಯವರೆಗೆ ಮೀಟರ್ ತಿರುಗುತ್ತಲೇ ಇರುತ್ತದೆ. ಇದನ್ನು ಇಪ್ಪತ್ತೇ ನಿಮಿಷದಲ್ಲಿ ಕಂಡುಕೊಳ್ಳಬಹುದು, ಮೂರು ಅಂಕಿ ಸಾಕು. ಕಡಿಮೆ ಸಂಖ್ಯೆ ಒತ್ತಿದರೆ ಬೇಗ ತಂಪಾಗುತ್ತದೆ ಎಂಬ ನಂಬಿಕೆ ಇರುವ ನೆಂಟರಿಗೆ ಈ ಪುಟ ತೋರಿಸಿ. 2020ರ ಜನವರಿಯಿಂದ ಹೊಸ ಎಸಿಗಳು ಆನ್ ಆದಾಗ 24 ತೋರಿಸಬೇಕು ಎಂದು ಸರ್ಕಾರ ನಿಯಮ ಮಾಡಿದೆ. ಮೈಸೂರಿಗೆ ಫ್ಯಾನ್ ಜೊತೆ 26 ಧಾರಾಳ ಎನ್ನುವುದು ನನ್ನ ಅಭಿಪ್ರಾಯ.

ಇನ್ವರ್ಟರ್ ಎಸಿ ಇದ್ದರೆ ಒಂದು ಎಚ್ಚರ. ಗುರಿ ಹತ್ತಿರ ಬಂದಂತೆ ಅದು ತಾನಾಗಿ ವೇಗ ಇಳಿಸುತ್ತದೆ, ಕೊನೆಯ ಒಂದು ಡಿಗ್ರಿಗೆ ವಿಪರೀತ ಹೊತ್ತು ತೆಗೆದುಕೊಂಡಂತೆ ಕಾಣುತ್ತದೆ. ಅದನ್ನು ಕೋಣೆಯ ದೋಷ ಎಂದು ಬರೆದುಕೊಳ್ಳಬೇಡಿ.

ಕೋಣೆಯ ಪುಟದಲ್ಲಿ ಪ್ರತಿದಿನ ಇನ್ನೆರಡು ಅಂಕಣ ಇರಲಿ: ಹೊರಗಿನ ಉಷ್ಣತೆ, ಮತ್ತು ಹಗಲು ಬಿಸಿಲೋ ಮೋಡವೋ. ಇಂಟರ್‌ನೆಟ್ ಇರುವ ಥರ್ಮೋಸ್ಟಾಟ್‌ಗಳು ಹವಾಮಾನ ವರದಿ ತರಿಸಿಕೊಳ್ಳುವುದು ಇದಕ್ಕೇ. ವಾರ ಕಳೆಯುವಷ್ಟರಲ್ಲಿ ‘ಬಿಸಿಲಿನ ದಿನ 40 ನಿಮಿಷ, ಮಳೆ ಬಂದ ದಿನ 15’ ಎಂಬಂಥ ಪಟ್ಟಿ ಸಿಗುತ್ತದೆ. ನಮ್ಮ ಪಟ್ಟಿಯನ್ನು ಬುಡಮೇಲು ಮಾಡಿದ್ದು ಎಸಿ ಅಲ್ಲ, ತಾರಸಿಗೆ ಹೊಡೆದ ಸುಣ್ಣ. ಎರಡು ಕೋಟ್ ಬಿಳಿ ಬಳಿದು, ಸಂಜೆ ಆರೂವರೆಗೆ ಕಿಟಕಿ ತೆರೆದು ಚಾಮುಂಡಿಬೆಟ್ಟದ ಕಡೆಯ ಗಾಳಿಗೆ ಎರಡು ಗಂಟೆ ಬಿಟ್ಟ ಮೇಲೆ ಆರಂಭವೇ 33 ಬದಲು 30 ಆಯಿತು. ಅರ್ಧ ಕೆಲಸ ಅಲ್ಲೇ ಮುಗಿಯಿತಲ್ಲ.

ಯಂತ್ರಕ್ಕೆ ಒಪ್ಪಿಸುವುದಾದರೆ

ಗುಣಕ ಗೊತ್ತಾದ ಮೇಲೆ ಬೇಕಿದ್ದರೆ ಸ್ಮಾರ್ಟ್ ಪ್ಲಗ್ ತಂದು ಗೀಸರ್‌ಗೆ ಹೊತ್ತು ಗೊತ್ತುಮಾಡಬಹುದು. 16 ಆಂಪಿಯರ್‌ನದನ್ನೇ ಕೊಳ್ಳಿ. 2 ಕಿಲೊವಾಟ್ ಗೀಸರ್ ಒಂಬತ್ತು ಆಂಪಿಯರ್ ಹತ್ತಿರ ಎಳೆಯುತ್ತದೆ, 3 ಕಿಲೊವಾಟ್ ಆದರೆ 13. ಸಣ್ಣ ಪ್ಲಗ್‌ಗೆ ಸಿಕ್ಕಿಸಿ ಒಮ್ಮೆ ನಾನು ಸುಟ್ಟ ಪ್ಲಾಸ್ಟಿಕ್ ವಾಸನೆ ಕುಡಿದಿದ್ದೇನೆ. ವಾಟ್ ತೋರಿಸುವ ಪ್ಲಗ್ ಆದರೆ ಬಚ್ಚಲ ಬಾಗಿಲಲ್ಲಿ ನಿಂತು ದೀಪ ಕಾಯುವುದೂ ಬೇಡ. 1800 ಇದ್ದದ್ದು ಸೊನ್ನೆಗೆ ಬಿದ್ದ ಗಳಿಗೆಯನ್ನು ಫೋನೇ ಹೇಳುತ್ತದೆ.

ಈ ಲೆಕ್ಕಕ್ಕೆ ದೊಡ್ಡ ಪರೀಕ್ಷೆ ನರಕ ಚತುರ್ದಶಿ. 60 ಡಿಗ್ರಿಯ 15 ಲೀಟರನ್ನು ತಣ್ಣೀರು ಬೆರೆಸಿ 40ಕ್ಕೆ ತಂದರೆ ಎರಡು ಬಕೆಟ್, ಅಂದರೆ ಒಬ್ಬರ ಅಭ್ಯಂಜನ. ನಮ್ಮಲ್ಲಿ ಆರು ಜನ, ಸರದಿಗೆ 25 ನಿಮಿಷದಂತೆ ಎರಡೂವರೆ ಗಂಟೆ, ಕೊನೆಯವರ ಸ್ನಾನಕ್ಕೆ ಇನ್ನೊಂದು ಕಾಲು ಗಂಟೆ. ಆರೂವರೆಗೆ ಎಲ್ಲರದ್ದೂ ಮುಗಿಯಬೇಕಾದರೆ ಮೂರೂಮುಕ್ಕಾಲಿಗೆ ಪ್ಲಗ್ ಹತ್ತಿಕೊಳ್ಳಬೇಕು. ಅಜ್ಜಿಯ ಕಾಲದಲ್ಲಿ ನೀರು ತುಂಬುವ ಹಬ್ಬದ ಸಂಜೆಯೇ ಹಂಡೆ ತುಂಬಿ, ಕೊರಳಿಗೆ ಹಿಂಡಲೆಕಾಯಿ ಬಳ್ಳಿ ಸುತ್ತಿ, ಅಷ್ಟೂ ಜನಕ್ಕೆ ಒಂದೇ ಸಲ ಕಾಯುತ್ತಿತ್ತು. ಗೀಸರ್ ಮನೆಯಲ್ಲಿ ಒಬ್ಬರ ನೀರು ಕಾಯುವಷ್ಟರಲ್ಲಿ ಮುಂದಿನವರ ತಲೆಗೆ ಎಣ್ಣೆ ಒತ್ತಿ ಕೂರಿಸಿದರೆ ಸರಿಹೋಗುತ್ತದೆ. ಎಣ್ಣೆ ನೆನೆಯಲು ಬೇಕಾದ ಹೊತ್ತೂ ಹೆಚ್ಚುಕಡಿಮೆ ಅಷ್ಟೇ.